ಹಸುವಿನ ರಕ್ತ ಹೇಳುವ ಸುದ್ದಿ: ಜಾನುವಾರು ಕ್ಷಯದ ಪತ್ತೆ ನಡೆದುಬಂದ ದಾರಿ

ಬೆಳಗಿನ ಹೊತ್ತು ಕೊಟ್ಟಿಗೆಗೆ ಹೋದ ರೈತ ಮೊದಲು ನೋಡುವುದು ಹಸುವಿನ ಮೂತಿಯನ್ನು. ಮೂತಿಯ ಮೇಲೆ ಹನಿಹನಿಯಾಗಿ ತೇವವಿದ್ದರೆ, ಹಸು ಮೆಲುಕು ಹಾಕುತ್ತಿದ್ದರೆ, ಕಿವಿ ಆಡಿಸುತ್ತಿದ್ದರೆ ಅವನಿಗೆ ಸಮಾಧಾನ. ಮೂತಿ ಒಣಗಿದೆ, ಮೆಲುಕು ನಿಂತಿದೆ, ಹಾಲು ಇಳಿದಿದೆ ಎಂದರೆ ಏನೋ ಕಾಯಿಲೆ ಬಂದಿದೆ ಎಂದು ಅವನು ತಿಳಿಯುತ್ತಾನೆ. ಸಾವಿರಾರು ವರ್ಷಗಳಿಂದ ಪಶುಪಾಲಕರು ನೆಚ್ಚಿಕೊಂಡು ಬಂದಿರುವ ಪರೀಕ್ಷೆ ಇದೇ. ಇದು ಒಳ್ಳೆಯ ಪರೀಕ್ಷೆಯೂ ಹೌದು. ಆದರೆ ಇದರಲ್ಲಿ ಒಂದು ಕೊರತೆಯಿದೆ. ಲಕ್ಷಣಗಳು ಕಣ್ಣಿಗೆ ಕಾಣುವ ವೇಳೆಗೆ ರೋಗಾಣು ಒಳಹೊಕ್ಕು ಹಲವು ದಿನಗಳಾಗಿರುತ್ತವೆ. ಕೆಲವು ರೋಗಗಳಲ್ಲಂತೂ ತಿಂಗಳುಗಳೇ, ವರ್ಷಗಳೇ ಕಳೆದಿರುತ್ತವೆ. ಅಷ್ಟರಲ್ಲಿ ಪಕ್ಕದ ಗೂಟದ ಹಸುವಿಗೂ ಸೋಂಕು ಹತ್ತಿರಬಹುದು. ಹಾಲು ಕುಡಿದ ಮಗುವಿಗೂ ತಗುಲಿರಬಹುದು.

ಹಾಗಾದರೆ ಮೂತಿ ಒಣಗುವುದಕ್ಕೆ ಮೊದಲೇ ಹಸುವಿನ ದೇಹಕ್ಕೆ ರೋಗದ ಸುಳಿವು ಸಿಕ್ಕಿರುತ್ತದೆಯೇ? ಸಿಕ್ಕಿದ್ದರೆ ಆ ಸುಳಿವನ್ನು ನಾವು ಓದುವುದು ಹೇಗೆ? ಇಂದು ವಿಜ್ಞಾನಿಗಳು ಹಸುವಿನ ರಕ್ತದ ಬಿಳಿಯ ಕಣಗಳಲ್ಲಿ ಯಾವ ವಂಶವಾಹಿಗಳು ಎಚ್ಚತ್ತಿವೆ, ಯಾವುವು ಮಲಗಿವೆ ಎಂಬುದನ್ನು ಅಳೆದು ಈ ಪ್ರಶ್ನೆಗೆ ಉತ್ತರ ಹುಡುಕುತ್ತಿದ್ದಾರೆ. ಇದು ತೀರ ಹೊಸ ವಿದ್ಯೆಯೆಂದು ಹಲವರು ಭಾವಿಸುತ್ತಾರೆ. ಉಪಕರಣಗಳು ಹೊಸವು, ನಿಜ. ಆದರೆ ರೋಗಾಣುವನ್ನೇ ಹುಡುಕುವ ಬದಲು ರೋಗಾಣುವಿಗೆ ದೇಹ ತೋರುವ ಪ್ರತಿಕ್ರಿಯೆಯನ್ನು ಓದಬೇಕೆಂಬ ಯೋಚನೆಗೆ ನೂರಮೂವತ್ತು ವರ್ಷಗಳಿಗೂ ಹೆಚ್ಚಿನ ಇತಿಹಾಸವಿದೆ. ಆ ಇತಿಹಾಸ ಶುರುವಾದದ್ದು ಒಂದು ದೊಡ್ಡ ಸೋಲಿನಿಂದ.

ಕಾಣುವ ರೋಗ, ಕಾಣದ ರೋಗ

ಮೊದಲು ಎರಡು ರೋಗಗಳನ್ನು ಹೋಲಿಸಿ ನೋಡೋಣ. ನಮ್ಮ ಹಳ್ಳಿಗಳಲ್ಲಿ ಹಿರಿಯರು ದೊಡ್ಡರೋಗ ಎಂದು ಕರೆಯುತ್ತಿದ್ದ ರಿಂಡರ್‌ಪೆಸ್ಟ್ ಒಂದು ಕಾಲಕ್ಕೆ ಹಟ್ಟಿಗಳನ್ನೇ ಬರಿದು ಮಾಡುತ್ತಿತ್ತು. ಅದರ ವಿರುದ್ಧ ಬಳಸುವ ಸೀರಮ್ ತಯಾರಿಸಲೆಂದೇ 1925ರಲ್ಲಿ ಬೆಂಗಳೂರಿನಲ್ಲಿ ಮೈಸೂರು ಸೀರಮ್ ಸಂಸ್ಥೆ ಆರಂಭವಾಯಿತು. ಹೆಬ್ಬಾಳದಲ್ಲಿರುವ ಪಶು ಆರೋಗ್ಯ ಮತ್ತು ಜೈವಿಕ ಸಂಸ್ಥೆ ಅದರ ಇಂದಿನ ರೂಪ. ಭಾರತದಲ್ಲಿ ದೊಡ್ಡರೋಗ ಕೊನೆಯ ಬಾರಿ ಕಾಣಿಸಿಕೊಂಡದ್ದು 1995ರಲ್ಲಿ. 2011ರಲ್ಲಿ ಅದು ಇಡೀ ಭೂಮಂಡಲದಿಂದಲೇ ನಿರ್ಮೂಲವಾಯಿತೆಂದು ಘೋಷಿಸಲಾಯಿತು. ಸಿಡುಬಿನ ನಂತರ ಮನುಷ್ಯ ಪೂರ್ತಿಯಾಗಿ ಅಳಿಸಿಹಾಕಿದ ಎರಡನೆಯ ಸೋಂಕುರೋಗ ಅದು.

ಈ ಗೆಲುವಿಗೆ ಒಳ್ಳೆಯ ಲಸಿಕೆ ಮುಖ್ಯ ಕಾರಣ. ಆದರೆ ಆ ರೋಗದ ಸ್ವಭಾವವೂ ನಮಗೆ ಅನುಕೂಲವಾಗಿತ್ತು. ಅದು ಬಚ್ಚಿಟ್ಟುಕೊಳ್ಳುವ ರೋಗವಲ್ಲ. ವೈರಸ್ ಒಳಹೊಕ್ಕ ಒಂದೆರಡು ವಾರಗಳಲ್ಲಿ ಜ್ವರ, ಬಾಯಿಹುಣ್ಣು, ಭೇದಿ ಎಲ್ಲವೂ ಕಾಣಿಸಿಕೊಳ್ಳುತ್ತಿದ್ದವು. ಹಸು ಸಾಯುತ್ತಿತ್ತು, ಇಲ್ಲವೇ ಬದುಕಿ ಉಳಿದು ಜೀವನಪೂರ್ತಿ ಆ ರೋಗದಿಂದ ಮುಕ್ತವಾಗಿರುತ್ತಿತ್ತು. ರೋಗವನ್ನು ಒಳಗಿಟ್ಟುಕೊಂಡು ಆರೋಗ್ಯವಾಗಿ ಓಡಾಡುವ ದನ ಇರುತ್ತಿರಲಿಲ್ಲ.

ಜಾನುವಾರುಗಳ ಕ್ಷಯ ಇದಕ್ಕೆ ತದ್ವಿರುದ್ಧ. ಮೈಕೊಬ್ಯಾಕ್ಟೀರಿಯಂ ಬೋವಿಸ್ ಎಂಬ ದಂಡಾಣು ಸಾಮಾನ್ಯವಾಗಿ ಉಸಿರಿನ ಮೂಲಕ ಹಸುವಿನ ಶ್ವಾಸಕೋಶವನ್ನು ಸೇರುತ್ತದೆ. ಅಲ್ಲಿ ಅದನ್ನು ನುಂಗಲು ಬರುವ ಬಿಳಿಯ ರಕ್ತಕಣಗಳ ಒಳಗೇ ಅದು ಮನೆ ಮಾಡಿಕೊಳ್ಳುತ್ತದೆ. ತಿಂಗಳುಗಟ್ಟಲೆ, ಎಷ್ಟೋ ಬಾರಿ ವರ್ಷಗಟ್ಟಲೆ, ಹಸು ಚೆನ್ನಾಗಿ ಮೇಯುತ್ತದೆ, ಹಾಲು ಕೊಡುತ್ತದೆ, ಕರು ಹಾಕುತ್ತದೆ. ಕೆಮ್ಮಿ, ಸೊರಗಿ, ಎಲುಬು ಕಾಣುವ ಹೊತ್ತಿಗೆ ಕಾಲ ಮಿಂಚಿರುತ್ತದೆ. ಇಂಥ ರೋಗದ ಎದುರು ಮೂತಿ ನೋಡುವ ಪರೀಕ್ಷೆ ನಿಲ್ಲಲಾರದು.

ಸೋತ ಔಷಧಿ, ಗೆದ್ದ ಪರೀಕ್ಷೆ

1882ರ ಮಾರ್ಚ್ 24ರಂದು ಜರ್ಮನಿಯ ವೈದ್ಯ ರಾಬರ್ಟ್ ಕಾಖ್ ಬರ್ಲಿನ್ನಿನಲ್ಲಿ ಕ್ಷಯರೋಗದ ದಂಡಾಣುವನ್ನು ಕಂಡುಹಿಡಿದುದಾಗಿ ಪ್ರಕಟಿಸಿದನು. ಮಾರ್ಚ್ 24ನ್ನು ಇಂದಿಗೂ ವಿಶ್ವ ಕ್ಷಯರೋಗ ದಿನವೆಂದು ಆಚರಿಸುವುದು ಇದೇ ಕಾರಣಕ್ಕೆ. ಎಂಟು ವರ್ಷಗಳ ನಂತರ, 1890ರಲ್ಲಿ, ಅದೇ ಬರ್ಲಿನ್ನಿನಲ್ಲಿ ನಡೆದ ಅಂತರರಾಷ್ಟ್ರೀಯ ವೈದ್ಯಕೀಯ ಸಮ್ಮೇಳನದಲ್ಲಿ ಅವನು ಇನ್ನೂ ದೊಡ್ಡ ಸುದ್ದಿಯೊಂದನ್ನು ಕೊಟ್ಟನು. ಕ್ಷಯದ ದಂಡಾಣುವಿನ ಬೆಳವಣಿಗೆಯನ್ನು ತಡೆಯಬಲ್ಲ ವಸ್ತುವೊಂದು ತನಗೆ ದೊರೆತಿದೆ ಎಂದನು. ದಂಡಾಣುಗಳನ್ನು ಬೆಳೆಸಿ, ಗ್ಲಿಸರಿನ್ನಿನಲ್ಲಿ ತೆಗೆದ ಸಾರವೇ ಆ ವಸ್ತು. ಅದಕ್ಕೆ ಟ್ಯುಬರ್ಕುಲಿನ್ ಎಂಬ ಹೆಸರು ಬಂದಿತು.

ಕ್ಷಯಕ್ಕೆ ಮದ್ದೇ ಇಲ್ಲದಿದ್ದ ಕಾಲ ಅದು. ಸುದ್ದಿ ಕೇಳಿ ಯೂರೋಪಿನ ಎಲ್ಲ ಕಡೆಗಳಿಂದ ರೋಗಿಗಳೂ ವೈದ್ಯರೂ ಬರ್ಲಿನ್ನಿಗೆ ನುಗ್ಗಿದರು. ಹಾಗೆ ಹೋದವರಲ್ಲಿ ಷೆರ್ಲಾಕ್ ಹೋಮ್ಸ್ ಎಂಬ ಪತ್ತೇದಾರನನ್ನು ಸೃಷ್ಟಿಸಿದ ವೈದ್ಯ ಆರ್ಥರ್ ಕಾನನ್ ಡಾಯ್ಲ್ ಕೂಡ ಒಬ್ಬನು. ಈ ಮದ್ದಿನ ವಿಷಯದಲ್ಲಿ ಅವಸರ ಬೇಡವೆಂದು ಎಚ್ಚರಿಸಿದವರಲ್ಲಿ ಅವನೂ ಸೇರಿದ್ದನು. ಎಚ್ಚರಿಕೆ ಸರಿಯಾಗಿಯೇ ಇತ್ತು. ಕೆಲವೇ ತಿಂಗಳುಗಳಲ್ಲಿ ಟ್ಯುಬರ್ಕುಲಿನ್ ಕ್ಷಯವನ್ನು ಗುಣಪಡಿಸುವುದಿಲ್ಲವೆಂದೂ, ಕೆಲವು ರೋಗಿಗಳಿಗೆ ಅದರಿಂದ ಕೇಡೇ ಆಯಿತೆಂದೂ ತಿಳಿದುಬಂದಿತು. ಕಾಖ್‌ನ ಕೀರ್ತಿಗೆ ಇದೊಂದು ಕಪ್ಪುಚುಕ್ಕೆಯಾಯಿತು.

ಆದರೆ ಒಂದು ವಿಚಿತ್ರವನ್ನು ಎಲ್ಲರೂ ಗಮನಿಸಿದ್ದರು. ಕ್ಷಯವಿಲ್ಲದವನಿಗೆ ಟ್ಯುಬರ್ಕುಲಿನ್ ಚುಚ್ಚಿದರೆ ಹೆಚ್ಚೇನೂ ಆಗುತ್ತಿರಲಿಲ್ಲ. ಕ್ಷಯವಿದ್ದವನಿಗೆ ಚುಚ್ಚಿದರೆ ಕೆಲವೇ ಗಂಟೆಗಳಲ್ಲಿ ಜ್ವರ ಏರುತ್ತಿತ್ತು. ಹಾಗಿದ್ದರೆ ಇದನ್ನು ದನಗಳಿಗೆ ಚುಚ್ಚಿ, ಜ್ವರ ಅಳೆದು, ಒಳಗೆ ಅಡಗಿದ ಕ್ಷಯವನ್ನು ಏಕೆ ಕಂಡುಹಿಡಿಯಬಾರದು? ಆಗ ರಷ್ಯಾ ಸಾಮ್ರಾಜ್ಯದಲ್ಲಿದ್ದ, ಇಂದು ಎಸ್ಟೋನಿಯಾ ದೇಶಕ್ಕೆ ಸೇರಿದ ಡೋರ್ಪಾಟ್ ಎಂಬ ಊರಿನ ಪಶುವೈದ್ಯ ಶಾಲೆಯಲ್ಲಿ ಗುಟ್‌ಮನ್ ಎಂಬ ಅಧ್ಯಾಪಕನು ಈ ಪ್ರಯೋಗ ಮಾಡಿ ನೋಡಿದನು. ಪ್ರಯೋಗ ಫಲಿಸಿತು. ಔಷಧಿಯಾಗಿ ಸೋತ ಟ್ಯುಬರ್ಕುಲಿನ್ ಪರೀಕ್ಷೆಯಾಗಿ ಗೆದ್ದಿತು.

ಇಲ್ಲಿ ಒಂದು ಅಂಶವನ್ನು ವಿದ್ಯಾರ್ಥಿ ಮಿತ್ರರು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಈ ಪರೀಕ್ಷೆ ದಂಡಾಣುವನ್ನು ಹುಡುಕುವುದಿಲ್ಲ. "ಈ ಶತ್ರುವನ್ನು ಹಿಂದೆ ಕಂಡಿದ್ದೀಯಾ?" ಎಂದು ಹಸುವಿನ ದೇಹವನ್ನೇ ಕೇಳುತ್ತದೆ. ಮುಂದಿನ ಎಲ್ಲ ಪರೀಕ್ಷೆಗಳ ಬೀಜ ಇಲ್ಲಿದೆ.

ಡೆನ್ಮಾರ್ಕಿನ ಅಡ್ಡಗೋಡೆ

ಈ ಬೀಜವನ್ನು ಬೆಳೆಸಿದವನು ಡೆನ್ಮಾರ್ಕಿನ ಪಶುವೈದ್ಯ ಬರ್ನ್‌ಹಾರ್ಡ್ ಬಾಂಗ್. ಹಸುಗಳು ಕಂದು ಹಾಕುವುದಕ್ಕೆ ಕಾರಣವಾದ ಬ್ರೂಸೆಲ್ಲಾ ರೋಗಾಣುವನ್ನು 1897ರಲ್ಲಿ ಗುರುತಿಸಿದವನೂ ಇವನೇ. ಬೆಣ್ಣೆಯ ರಫ್ತಿನಿಂದಲೇ ಬದುಕುತ್ತಿದ್ದ ಆ ಚಿಕ್ಕ ದೇಶದಲ್ಲಿ 1892ರಿಂದ ಬಾಂಗ್ ಹಸುಗಳಿಗೆ ಟ್ಯುಬರ್ಕುಲಿನ್ ಪರೀಕ್ಷೆ ಆರಂಭಿಸಿದನು. ನೋಡಲು ದಷ್ಟಪುಷ್ಟವಾಗಿದ್ದ ಹಸುಗಳಲ್ಲಿ ಎಷ್ಟೋ ಹಸುಗಳಿಗೆ ಸೋಂಕು ಇರುವುದು ತಿಳಿಯಿತು. ಎಲ್ಲವನ್ನೂ ಕೊಲ್ಲಿಸಿದರೆ ರೈತರ ಗತಿಯೇನು?

ಬಾಂಗ್ ಕಂಡುಕೊಂಡ ದಾರಿ ಸರಳವಾಗಿತ್ತು. ಕೊಟ್ಟಿಗೆಯ ನಡುವೆ ಅಡ್ಡಗೋಡೆ ಹಾಕಿಸಿದನು. ಜ್ವರ ತೋರಿದ ಹಸುಗಳು ಒಂದು ಕಡೆ, ತೋರದ ಹಸುಗಳು ಇನ್ನೊಂದು ಕಡೆ. ಎರಡೂ ಕಡೆಗೆ ಬೇರೆ ಬೇರೆ ಆಳುಗಳು. ಸೋಂಕಿತ ಹಸುವಿಗೆ ಹುಟ್ಟಿದ ಕರುವನ್ನು ಹುಟ್ಟಿದ ಕೂಡಲೇ ಬೇರ್ಪಡಿಸಿ, ಕಾಯಿಸಿದ ಹಾಲು ಕುಡಿಸಿ, ಆರೋಗ್ಯವಂತ ಹಸುಗಳ ಕಡೆ ಬೆಳೆಸುವುದು. ಹಳೆಯ ಹಸುಗಳು ಕಾಲಕ್ರಮದಲ್ಲಿ ತೀರಿದಂತೆ ಹಿಂಡು ತಾನಾಗಿ ಶುದ್ಧವಾಗುತ್ತಿತ್ತು. 1898ರಲ್ಲಿ ಡೆನ್ಮಾರ್ಕ್ ಸರ್ಕಾರವು ಡೇರಿಗಳಿಂದ ಕರುಗಳಿಗಾಗಿ ಹಿಂತಿರುಗುವ ಹಾಲನ್ನು ಕಾಯಿಸಿಯೇ ಕೊಡಬೇಕೆಂದು ಕಾನೂನು ಮಾಡಿತು. ಹಸುವನ್ನು ಕೊಲ್ಲದೆ ರೋಗವನ್ನು ತಡೆಯುವ ಈ ಮಾರ್ಗವನ್ನು ನಾವು ಮುಂದೆ ಮತ್ತೆ ನೆನೆಯಬೇಕಾಗುತ್ತದೆ.

ಈ ನಡುವೆ ಕಾಖ್ ಮತ್ತೊಂದು ತಪ್ಪು ಹೆಜ್ಜೆ ಇಟ್ಟನು. ಹಸುವಿನ ಕ್ಷಯ ಮನುಷ್ಯನಿಗೆ ಅಂಟುವ ಭಯ ಅಷ್ಟಾಗಿ ಇಲ್ಲವೆಂದು 1901ರಲ್ಲಿ ಲಂಡನ್ನಿನ ಸಮ್ಮೇಳನದಲ್ಲಿ ಹೇಳಿದನು. ಬ್ರಿಟಿಷ್ ಸರ್ಕಾರ ಇದನ್ನು ಪರಿಶೀಲಿಸಲು ರಾಯಲ್ ಕಮಿಷನ್ ಒಂದನ್ನು ನೇಮಿಸಿತು. ಹತ್ತು ವರ್ಷಗಳ ಪ್ರಯೋಗದ ನಂತರ, 1911ರಲ್ಲಿ, ಅದು ಕೊಟ್ಟ ಅಂತಿಮ ವರದಿ ಬೇರೆಯೇ ಆಗಿತ್ತು: ಹಸುವಿನ ಕ್ಷಯ ಮನುಷ್ಯರಿಗೆ ಅಂಟುತ್ತದೆ, ಅದರಲ್ಲೂ ಹಸಿಹಾಲಿನ ಮೂಲಕ ಮಕ್ಕಳಿಗೆ ಅಂಟುತ್ತದೆ. ಮಕ್ಕಳ ಕುತ್ತಿಗೆಯಲ್ಲಿ ಕಾಣುತ್ತಿದ್ದ ಗಂಟುಗಳಿಗೂ, ಮೂಳೆಗಳ ಕ್ಷಯಕ್ಕೂ ಹಾಲು ಒಂದು ಕಾರಣವಾಗಿತ್ತು. ಹೀಗೆ ಹಸುವಿನ ಪರೀಕ್ಷೆ ಮನುಷ್ಯರ ಆರೋಗ್ಯದ ಪ್ರಶ್ನೆಯೂ ಆಯಿತು.

ಹಸುವಿಗಾಗಿ ನಡೆದ ಜಗಳ

1917ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನ ಈ ರೋಗವನ್ನು ದೇಶದಿಂದಲೇ ತೊಲಗಿಸುವ ಕಾರ್ಯಕ್ಕೆ ಕೈಹಾಕಿತು. ವಿಧಾನ ಕಠಿಣವಾಗಿತ್ತು. ಪರೀಕ್ಷೆ ಮಾಡುವುದು, ಪ್ರತಿಕ್ರಿಯೆ ತೋರಿದ ದನವನ್ನು ಕೊಲ್ಲುವುದು, ರೈತನಿಗೆ ಅಷ್ಟಿಷ್ಟು ಪರಿಹಾರ ಕೊಡುವುದು. 1940ರವರೆಗೆ ಸುಮಾರು 23 ಕೋಟಿ ಪರೀಕ್ಷೆಗಳು ನಡೆದವು. ಸುಮಾರು 38 ಲಕ್ಷ ದನಗಳನ್ನು ಕೊಲ್ಲಲಾಯಿತು. ರೋಗ ಬಹುಮಟ್ಟಿಗೆ ತಗ್ಗಿತು.

ಆದರೆ ಈ ಅಂಕಿಗಳ ಹಿಂದೆ ರೈತರ ಸಂಕಟವೂ ಇತ್ತು. ತನ್ನ ಕಣ್ಣೆದುರಿಗೆ ಚೆನ್ನಾಗಿ ಹಾಲು ಕೊಡುತ್ತಿರುವ ಹಸುವಿಗೆ ರೋಗವಿದೆಯೆಂದು ಸರ್ಕಾರಿ ಪಶುವೈದ್ಯ ಹೇಳಿದರೆ ರೈತ ನಂಬುವುದು ಹೇಗೆ? ಚುಚ್ಚುಮದ್ದಿನಿಂದಲೇ ಹಸುಗಳು ಕೆಡುತ್ತವೆ ಎಂಬ ಸುದ್ದಿಯೂ ಹರಡಿತ್ತು. 1931ರಲ್ಲಿ, ಬೆಲೆಗಳು ಕುಸಿದು ರೈತರು ಕಂಗೆಟ್ಟಿದ್ದ ಕಾಲದಲ್ಲಿ, ಅಯೋವಾ ರಾಜ್ಯದ ಸೀಡರ್ ಕೌಂಟಿಯಲ್ಲಿ ನೂರಾರು ರೈತರು ಗುಂಪುಗೂಡಿ ಪಶುವೈದ್ಯರನ್ನು ತಡೆದರು. ಕೊನೆಗೆ ರಾಜ್ಯಪಾಲ ಡ್ಯಾನ್ ಟರ್ನರ್ ಸೈನಿಕ ದಳವನ್ನು ಕಳುಹಿಸಬೇಕಾಯಿತು. ಬಂದೂಕಿನ ಕಾವಲಿನಲ್ಲಿ ಹಸುಗಳ ಪರೀಕ್ಷೆ ನಡೆಯಿತು. ಚರಿತ್ರೆಯಲ್ಲಿ ಇದಕ್ಕೆ 'ಹಸುಗಳ ಯುದ್ಧ' ಎಂಬ ಹೆಸರೇ ಬಂದಿದೆ.

ರೈತರ ಅನುಮಾನಗಳೆಲ್ಲ ಸರಿಯಾಗಿರಲಿಲ್ಲ. ಚುಚ್ಚುಮದ್ದಿನಿಂದ ಕ್ಷಯ ಬರುವುದಿಲ್ಲ. ಆದರೆ ಅವರ ಮೂಲ ಪ್ರಶ್ನೆ ಇಂದಿಗೂ ಉಳಿದಿದೆ. ಪರೀಕ್ಷೆ ಎಷ್ಟು ನಂಬಿಕೆಗೆ ಅರ್ಹ? ತಪ್ಪಿದರೆ ಹೊಣೆ ಯಾರದು?

ಮೂರು ದಿನಗಳ ಕಾಯುವಿಕೆ

ಈ ಪರೀಕ್ಷೆ ಕಾಲಕಾಲಕ್ಕೆ ಸುಧಾರಿಸಿತು. 1908ರಲ್ಲಿ ಫ್ರಾನ್ಸಿನ ಷಾರ್ಲ್ ಮಾಂತೂ ಟ್ಯುಬರ್ಕುಲಿನ್ನನ್ನು ಚರ್ಮದ ಪದರದೊಳಗೆ ಚುಚ್ಚಿ, ಅಲ್ಲಿ ಏಳುವ ಗಡ್ಡೆಯನ್ನು ಅಳೆಯುವ ವಿಧಾನವನ್ನು ಬಳಕೆಗೆ ತಂದನು. ಜ್ವರ ಅಳೆಯುತ್ತ ಗಂಟೆಗಟ್ಟಲೆ ಕಾಯುವ ಕಷ್ಟ ತಪ್ಪಿತು. 1930ರ ದಶಕದಲ್ಲಿ ಅಮೆರಿಕದ ವಿಜ್ಞಾನಿ ಫ್ಲಾರೆನ್ಸ್ ಸೈಬರ್ಟ್ ಟ್ಯುಬರ್ಕುಲಿನ್ನಿನ ಪ್ರೋಟೀನನ್ನು ಶುದ್ಧೀಕರಿಸಿದಳು. ಈಗ ಹಸುಗಳ ಕುತ್ತಿಗೆಯ ಚರ್ಮದಲ್ಲಿ ಎರಡು ಕಡೆ ಚುಚ್ಚುವ ಪದ್ಧತಿಯಿದೆ. ಒಂದು ಕಡೆ ಹಸುವಿನ ಕ್ಷಯದ ಸಾರ, ಇನ್ನೊಂದು ಕಡೆ ಹಕ್ಕಿಗಳ ಕ್ಷಯದ ಸಾರ. 72 ಗಂಟೆಗಳ ನಂತರ ಎರಡರ ದಪ್ಪವನ್ನೂ ಹೋಲಿಸುತ್ತಾರೆ. ಮಣ್ಣು, ನೀರುಗಳಲ್ಲಿ ಕ್ಷಯದ ದಂಡಾಣುವಿನ ನಿರಪಾಯಕಾರಿ ದಾಯಾದಿಗಳು ಬಹಳಷ್ಟಿವೆ. ಅವುಗಳ ಸಂಪರ್ಕಕ್ಕೆ ಬಂದ ಹಸು ಸುಳ್ಳು ಪ್ರತಿಕ್ರಿಯೆ ತೋರಬಹುದು. ಆ ಮೋಸವನ್ನು ತಪ್ಪಿಸಲು ಈ ಹೋಲಿಕೆ.

ಇಷ್ಟಾದರೂ ದೋಷಗಳು ಉಳಿದವು. ಸೋಂಕು ತಗುಲಿದ ಮೊದಲ ಕೆಲವು ವಾರಗಳಲ್ಲಿ ಚರ್ಮ ಏನನ್ನೂ ಹೇಳುವುದಿಲ್ಲ. ರೋಗ ತೀರ ಬಲಿತ ಹಸುವಿನಲ್ಲಿ, ಆಗತಾನೆ ಕರು ಹಾಕಿದ ಹಸುವಿನಲ್ಲಿಯೂ ಪ್ರತಿಕ್ರಿಯೆ ಮಂಕಾಗಿರಬಹುದು. ಪಶುವೈದ್ಯನು ಒಂದೇ ಹಸುವಿನ ಬಳಿಗೆ ಎರಡು ಸಲ ಹೋಗಬೇಕು.

ಈ ಕೊನೆಯ ತೊಂದರೆಯಿಂದ ಹೆಚ್ಚು ಕಂಗೆಟ್ಟ ದೇಶ ಆಸ್ಟ್ರೇಲಿಯ. ಅಲ್ಲಿನ ಉತ್ತರ ಭಾಗದ ವಿಶಾಲ ಬಯಲುಗಳಲ್ಲಿ ದನಗಳು ಅರೆಕಾಡು ಪ್ರಾಣಿಗಳಂತೆ ಮೇಯುತ್ತವೆ. ಅವನ್ನು ಹಿಡಿದು ತಂದು ಮೂರು ದಿನ ಕಟ್ಟಿಹಾಕುವುದು ಸುಲಭವಲ್ಲ. 1980ರ ದಶಕದಲ್ಲಿ ಪಾಲ್ ವುಡ್ ಮತ್ತು ಸಂಗಡಿಗರು ಹೊಸ ಉಪಾಯವನ್ನು ಹೂಡಿದರು. ಹಸುವಿನ ರಕ್ತವನ್ನು ತೆಗೆದು, ಕೊಳವೆಯಲ್ಲಿಯೇ ಅದಕ್ಕೆ ಟ್ಯುಬರ್ಕುಲಿನ್ ಬೆರೆಸಿ ಒಂದು ರಾತ್ರಿ ಇಡುವುದು. ಕ್ಷಯದ ದಂಡಾಣುವನ್ನು ಹಿಂದೆ ಎದುರಿಸಿದ ಬಿಳಿಯ ಕಣಗಳು ಆ ರಕ್ತದಲ್ಲಿದ್ದರೆ ಅವು ಕೆರಳಿ ಗ್ಯಾಮಾ ಇಂಟರ್‌ಫೆರಾನ್ ಎಂಬ ಪ್ರೋಟೀನನ್ನು ಸ್ರವಿಸುತ್ತವೆ. ಅದನ್ನು ಅಳೆದರೆ ಉತ್ತರ ಸಿಕ್ಕಿತು. ಅಂದರೆ ಹಸುವಿನ ಕುತ್ತಿಗೆಯಲ್ಲಿ ನಡೆಯುತ್ತಿದ್ದ ಪರೀಕ್ಷೆ ಗಾಜಿನ ಕೊಳವೆಗೆ ಬಂದಿತು. ಆಸ್ಟ್ರೇಲಿಯ 1997ರಲ್ಲಿ ಜಾನುವಾರು ಕ್ಷಯದಿಂದ ಮುಕ್ತವಾಯಿತೆಂದು ಸಾರಿತು. ಹಸುಗಳಿಗಾಗಿ ಹುಟ್ಟಿದ ಈ ರಕ್ತಪರೀಕ್ಷೆಯೇ ಮುಂದೆ ಮನುಷ್ಯರಲ್ಲಿ ಅಡಗಿರುವ ಕ್ಷಯವನ್ನು ಪತ್ತೆ ಮಾಡುವ ಪರೀಕ್ಷೆಯಾಗಿ ಬೆಳೆಯಿತು.

ತಾಲ್ಲೂಕು ಕಚೇರಿಯ ನಕಲು ಪುಸ್ತಕ

ಟ್ಯುಬರ್ಕುಲಿನ್ ದೇಹಕ್ಕೆ ಒಂದೇ ಪ್ರಶ್ನೆ ಕೇಳುತ್ತದೆ, ಒಂದೇ ಉತ್ತರ ಪಡೆಯುತ್ತದೆ. ಗ್ಯಾಮಾ ಇಂಟರ್‌ಫೆರಾನ್ ಕೂಡ ಒಂದೇ ಉತ್ತರ. ದೇಹದ ಸಾವಿರಾರು ಉತ್ತರಗಳನ್ನು ಒಟ್ಟಿಗೆ ಕೇಳಿಸಿಕೊಳ್ಳಲು ಸಾಧ್ಯವಾದರೆ ಹೇಗಿರುತ್ತದೆ? ವಂಶವಾಹಿಗಳ ಅಭಿವ್ಯಕ್ತಿಯ ಅಧ್ಯಯನ ಮಾಡುವುದು ಇದನ್ನೇ.

ಇದನ್ನು ಅರ್ಥಮಾಡಿಕೊಳ್ಳಲು ತಾಲ್ಲೂಕು ಕಚೇರಿಯ ದಾಖಲೆ ಕೊಠಡಿಯನ್ನು ನೆನೆಸಿಕೊಳ್ಳಿ. ಮೂಲ ದಾಖಲೆಗಳು ಆ ಕೊಠಡಿಯಿಂದ ಹೊರಗೆ ಬರುವುದಿಲ್ಲ. ಬೇಕಾದವರಿಗೆ ನಕಲು ಕೊಡುತ್ತಾರೆ. ಒಂದು ಹೋಬಳಿಯಲ್ಲಿ ಆಲಿಕಲ್ಲು ಮಳೆ ಬಿದ್ದು ಬೆಳೆ ಹಾಳಾಯಿತೆನ್ನಿ. ಪರಿಹಾರದ ಅರ್ಜಿಗಾಗಿ ಆ ಹೋಬಳಿಯ ಪಹಣಿಗಳ ನಕಲಿಗೆ ಬೇಡಿಕೆ ಏರುತ್ತದೆ. ನಕಲು ಕೊಟ್ಟ ಲೆಕ್ಕದ ಪುಸ್ತಕವನ್ನು ನೋಡಿದರೆ ಸಾಕು, ಹೊಲಕ್ಕೆ ಹೋಗದವನಿಗೂ ಎಲ್ಲಿ ಏನೋ ನಡೆದಿದೆ ಎಂದು ತಿಳಿಯುತ್ತದೆ.

ಜೀವಕೋಶದಲ್ಲಿಯೂ ಹೀಗೆಯೇ. ಹಸುವಿನ ಪ್ರತಿಯೊಂದು ಕೋಶದ ಕೇಂದ್ರದಲ್ಲಿ 30 ಜೊತೆ ವರ್ಣತಂತುಗಳಿವೆ. ಅವುಗಳಲ್ಲಿ ಡಿ.ಎನ್.ಎ. ರೂಪದಲ್ಲಿ ಕನಿಷ್ಠ 22 ಸಾವಿರ ವಂಶವಾಹಿಗಳಿವೆ. ಇವು ಮೂಲ ದಾಖಲೆಗಳು. ಯಾವುದಾದರೂ ಪ್ರೋಟೀನ್ ಬೇಕಾದಾಗ ಆಯಾ ವಂಶವಾಹಿಯ ನಕಲು ತಯಾರಾಗುತ್ತದೆ. ಆ ನಕಲಿಗೆ ಸಂದೇಶವಾಹಕ ಆರ್.ಎನ್.ಎ. ಎಂದು ಹೆಸರು. ಇದರ ಇರವನ್ನು 1961ರಲ್ಲಿ ಪ್ರಯೋಗಗಳು ತೋರಿಸಿಕೊಟ್ಟವು. ಚರ್ಮದ ಕೋಶದಲ್ಲಿಯೂ ರಕ್ತದ ಬಿಳಿಯ ಕಣದಲ್ಲಿಯೂ ಮೂಲ ದಾಖಲೆಗಳು ಒಂದೇ. ಆದರೆ ನಕಲುಗಳು ಬೇರೆ ಬೇರೆ. ರೋಗಾಣು ಒಳಬಂದಾಗ ಬಿಳಿಯ ಕಣಗಳಲ್ಲಿ ಕೆಲವು ವಂಶವಾಹಿಗಳ ನಕಲು ಹೆಚ್ಚುತ್ತದೆ, ಕೆಲವುಗಳದು ತಗ್ಗುತ್ತದೆ. ಈ ಏರಿಳಿತ ಆರಂಭವಾಗಲು ಗಂಟೆಗಳು ಸಾಕು. ಚರ್ಮದಲ್ಲಿ ಗಡ್ಡೆ ಏಳುವ ಸಾಮರ್ಥ್ಯ ಬರಲು ವಾರಗಳು ಬೇಕು. ರೋಗವನ್ನು ಬೇಗ ಹಿಡಿಯಬಹುದೆಂಬ ಆಸೆ ಹುಟ್ಟಿದ್ದು ಈ ಅಂತರದಿಂದ.

ಆದರೆ ಸಾವಿರಾರು ನಕಲುಗಳನ್ನು ಒಟ್ಟಿಗೆ ಎಣಿಸುವುದು ಹೇಗೆ? 1970ರಲ್ಲಿ ಹೊವರ್ಡ್ ಟೆಮಿನ್ ಮತ್ತು ಡೇವಿಡ್ ಬಾಲ್ಟಿಮೋರ್ ಆರ್.ಎನ್.ಎ.ಯಿಂದ ಮತ್ತೆ ಡಿ.ಎನ್.ಎ. ತಯಾರಿಸುವ ಕಿಣ್ವವನ್ನು ಬೇರೆ ಬೇರೆಯಾಗಿ ಕಂಡುಹಿಡಿದರು. ಇದರಿಂದ ಬೇಗ ಕೆಡುವ ಆರ್.ಎನ್.ಎ.ಯನ್ನು ಬಾಳಿಕೆಯ ರೂಪಕ್ಕೆ ತರುವುದು ಸಾಧ್ಯವಾಯಿತು. 1995ರಲ್ಲಿ ಅಮೆರಿಕದ ಸ್ಟಾನ್‌ಫರ್ಡ್ ವಿಶ್ವವಿದ್ಯಾಲಯದವರು ಗಾಜಿನ ಪಟ್ಟಿಯ ಮೇಲೆ ಡಿ.ಎನ್.ಎ. ಚುಕ್ಕೆಗಳನ್ನು ಸಾಲಾಗಿ ಇಟ್ಟು, ಯಾವ ಚುಕ್ಕೆಗೆ ಎಷ್ಟು ನಕಲು ಅಂಟುತ್ತದೆ ಎಂಬುದನ್ನು ಬೆಳಕಿನ ಹೊಳಪಿನಿಂದ ಅಳೆದರು. ಆ ಮೊದಲ ಪ್ರಯೋಗ ನಡೆದದ್ದು ಸಾಸಿವೆಯ ಕುಲದ ಒಂದು ಪುಟ್ಟ ಗಿಡದ 45 ವಂಶವಾಹಿಗಳ ಮೇಲೆ. ಕೆಲವೇ ವರ್ಷಗಳಲ್ಲಿ 45 ಹೋಗಿ ಸಾವಿರಗಳು ಬಂದವು. 2009ರಲ್ಲಿ ಹಸುವಿನ ಪೂರ್ಣ ವಂಶವಾಹಿ ನಕ್ಷೆ ಪ್ರಕಟವಾಯಿತು. ಅಮೆರಿಕದ ಡಾಮಿನೆಟ್ ಎಂಬ ಹೆರೆಫರ್ಡ್ ತಳಿಯ ಹಸುವಿನ ಡಿ.ಎನ್.ಎ. ಅದಕ್ಕೆ ಆಧಾರ. ಇಪ್ಪತ್ತೈದು ದೇಶಗಳ ಮುನ್ನೂರಕ್ಕೂ ಹೆಚ್ಚು ವಿಜ್ಞಾನಿಗಳು ಈ ಕೆಲಸದಲ್ಲಿ ಪಾಲ್ಗೊಂಡಿದ್ದರು.

ಡಬ್ಲಿನ್ನಿನ ಅಚ್ಚರಿ

ಈ ಹೊಸ ವಿದ್ಯೆಯನ್ನು ಜಾನುವಾರು ಕ್ಷಯಕ್ಕೆ ಒಡ್ಡಿದವರಲ್ಲಿ ಐರ್ಲೆಂಡಿನವರು ಮುಖ್ಯರು. ಅದಕ್ಕೆ ಕಾರಣವೂ ಇದೆ. ಐರ್ಲೆಂಡ್ 1954ರಲ್ಲಿಯೇ ನಿರ್ಮೂಲನಾ ಯೋಜನೆಯನ್ನು ಕೈಗೊಂಡಿತು. ರೋಗ ಬಹಳ ತಗ್ಗಿತು, ಆದರೆ ತೊಲಗಲಿಲ್ಲ. ಪರೀಕ್ಷೆಯ ಕಣ್ಣು ತಪ್ಪಿಸಿ ಹಿಂಡಿನಲ್ಲಿ ಉಳಿಯುವ ಹಸುಗಳು ಒಂದು ಕಾರಣ. ಬ್ಯಾಡ್ಜರ್ ಎಂಬ ಕಾಡುಪ್ರಾಣಿ ಸೋಂಕನ್ನು ಹೊತ್ತು ತಿರುಗುವುದು ಇನ್ನೊಂದು ಕಾರಣ.

ಡಬ್ಲಿನ್ ನಗರದ ಯೂನಿವರ್ಸಿಟಿ ಕಾಲೇಜಿನ ಡೇವಿಡ್ ಮ್ಯಾಕ್‌ಹ್ಯೂ ಮತ್ತು ಸಂಗಡಿಗರು ಸೋಂಕಿತ ಹಸುಗಳ ಹಾಗೂ ಸೋಂಕಿಲ್ಲದ ಹಸುಗಳ ರಕ್ತವನ್ನು ಹೋಲಿಸಿದರು. ರೋಗನಿರೋಧಕ ವಂಶವಾಹಿಗಳು ಸೋಂಕಿತ ಹಸುಗಳಲ್ಲಿ ಚುರುಕಾಗಿರಬೇಕೆಂದು ಯಾರಾದರೂ ಊಹಿಸುವರು. 2007ರಲ್ಲಿ ಪ್ರಕಟವಾದ ಫಲಿತಾಂಶ ಬೇರೆಯಾಗಿತ್ತು. ವ್ಯತ್ಯಾಸ ತೋರಿದ ವಂಶವಾಹಿಗಳಲ್ಲಿ ಹೆಚ್ಚಿನವು ಸೋಂಕಿತ ಹಸುಗಳಲ್ಲಿ ಮಂದವಾಗಿದ್ದವು. 2011ರಲ್ಲಿ ಎಂಟು ಸೋಂಕಿತ, ಎಂಟು ಆರೋಗ್ಯವಂತ ಹಸುಗಳನ್ನು ಇಟ್ಟುಕೊಂಡು ಹೆಚ್ಚು ವ್ಯಾಪಕವಾಗಿ ನೋಡಿದಾಗಲೂ ಇದೇ ಮಾತು ಖಚಿತವಾಯಿತು. ದಂಡಾಣು ಮನೆಯ ಕಾವಲುಗಾರನನ್ನು ಎಚ್ಚರಿಸದೆ, ಅವನ ಬಾಯಿ ಕಟ್ಟಿ ಒಳಗೆ ಕುಳಿತಿರುವಂತಿದೆ. ಹಸು ವರ್ಷಗಟ್ಟಲೆ ಆರೋಗ್ಯವಾಗಿ ಕಾಣುವುದರ ಗುಟ್ಟಿನ ಒಂದು ಪಾಲು ಇಲ್ಲಿದೆ. ಆ ಮೌನವೂ ಒಂದು ಗುರುತೇ ಆಯಿತು. ಆಯ್ದ 15 ವಂಶವಾಹಿಗಳ ಏರಿಳಿತವನ್ನು ನೋಡಿಯೇ ಸೋಂಕಿತ ಹಸುಗಳನ್ನು ಬೇರ್ಪಡಿಸಬಹುದೆಂದು 2007ರ ಅಧ್ಯಯನ ತೋರಿಸಿತ್ತು.

ಮುಂದೆ ಇದೇ ತಂಡದವರು ಪ್ರಯೋಗಕ್ಕಾಗಿ ಸೋಂಕು ತಗುಲಿಸಿದ ದನಗಳ ರಕ್ತವನ್ನು ಸೋಂಕಿಗೆ ಮೊದಲೂ, ಅನಂತರ ಹಲವು ವಾರಗಳವರೆಗೂ ತೆಗೆದು, ವಂಶವಾಹಿಗಳ ಏರಿಳಿತದ ಜಾಡು ಹಿಡಿದರು. ಮನುಷ್ಯರ ಕ್ಷಯದಲ್ಲಿಯೂ ಇಂಥ ಕೆಲಸ ನಡೆದಿದೆ. 2016ರಲ್ಲಿ ಸ್ಟಾನ್‌ಫರ್ಡ್ ವಿಜ್ಞಾನಿಗಳು ಕೇವಲ ಮೂರು ವಂಶವಾಹಿಗಳ ಲೆಕ್ಕದಿಂದ ಶ್ವಾಸಕೋಶದ ಕ್ಷಯವನ್ನು ಗುರುತಿಸುವ ವಿಧಾನವನ್ನು ಪ್ರಕಟಿಸಿದರು.

ಅಡ್ಡಿಗಳು

ಇಷ್ಟರಿಂದ ನಾಳೆಯೇ ಪಶು ಆಸ್ಪತ್ರೆಗೆ ಈ ಪರೀಕ್ಷೆ ಬರುತ್ತದೆ ಎಂದು ಭಾವಿಸಬಾರದು. ಆರ್.ಎನ್.ಎ. ಬಹಳ ನಾಜೂಕಾದ ವಸ್ತು. ತೆಗೆದ ರಕ್ತವನ್ನು ತಕ್ಕ ದ್ರಾವಣದಲ್ಲಿ ಕಾಪಾಡದಿದ್ದರೆ ಕೆಲವೇ ಗಂಟೆಗಳಲ್ಲಿ ಲೆಕ್ಕ ಕೆಡುತ್ತದೆ. ಕೆಚ್ಚಲುಬಾವು, ಹೊಟ್ಟೆಯ ಜಂತು, ಗರ್ಭ, ಬಿಸಿಲಿನ ಬೇಗೆ, ಲಾರಿಯ ಪ್ರಯಾಣ, ಎಲ್ಲವೂ ವಂಶವಾಹಿಗಳ ನಕಲು ಪುಸ್ತಕದಲ್ಲಿ ಗುರುತು ಬಿಡುತ್ತವೆ. ಅವುಗಳ ನಡುವೆ ಕ್ಷಯದ ಗುರುತನ್ನೇ ಆರಿಸಬೇಕು. ಎಂಟೋ ಹತ್ತೋ ಹಸುಗಳಲ್ಲಿ ಕಂಡ ಗುರುತು ಸಾವಿರಾರು ಹಸುಗಳಲ್ಲಿ ನಿಲ್ಲುತ್ತದೆಯೇ ಎಂದು ನೋಡಬೇಕು. ಯೂರೋಪಿನ ತಳಿಗಳಲ್ಲಿ ಕಂಡದ್ದು ನಮ್ಮ ಹಳ್ಳಿಕಾರ್, ಅಮೃತಮಹಲ್ ತಳಿಗಳಲ್ಲಿ ಹಾಗೆಯೇ ಇರುತ್ತದೆಂದು ಊಹಿಸುವಂತಿಲ್ಲ. ರೋಗಾಣುವೂ ಒಂದೇ ಅಲ್ಲ. ನಮ್ಮ ದೇಶದಲ್ಲಿ ಜಾನುವಾರುಗಳಿಂದ ಮನುಷ್ಯರಿಗೆ ಬರುವ ಕ್ಷಯದಲ್ಲಿ ಮೈಕೊಬ್ಯಾಕ್ಟೀರಿಯಂ ಓರಿಜಿಸ್ ಎಂಬ ಇನ್ನೊಂದು ದಂಡಾಣುವಿಗೂ ದೊಡ್ಡ ಪಾತ್ರವಿರಬಹುದೆಂದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಎಚ್ಚರಿಸಿದೆ. ಹೀಗಾಗಿ ಇಂದಿಗೂ ಹಿಂಡುಗಳನ್ನು ಕಾಯುತ್ತಿರುವುದು ಕಾಖ್‌ನ ಕಾಲದ ಟ್ಯುಬರ್ಕುಲಿನ್, ಮತ್ತು ಅದಕ್ಕೆ ನೆರವಾಗಿ ಗ್ಯಾಮಾ ಇಂಟರ್‌ಫೆರಾನ್ ಪರೀಕ್ಷೆ.

ನಮ್ಮ ದೇಶಕ್ಕೆ ಇದರ ಅರ್ಥವೇನು?

ಭಾರತದಲ್ಲಿ ನಡೆದ ಹಲವು ಅಧ್ಯಯನಗಳನ್ನು ಕೂಡಿಸಿ 2018ರಲ್ಲಿ ಮಾಡಿದ ಅಂದಾಜಿನ ಪ್ರಕಾರ ಪರೀಕ್ಷಿಸಿದ ದನ ಎಮ್ಮೆಗಳಲ್ಲಿ ನೂರಕ್ಕೆ ಸುಮಾರು 7ರಲ್ಲಿ ಕ್ಷಯದ ಸೋಂಕು ಇತ್ತು. ಇಡೀ ದೇಶದ ಲೆಕ್ಕ ಹಾಕಿದರೆ ಅದು 2 ಕೋಟಿಯನ್ನು ಮೀರುತ್ತದೆ. ಅಮೆರಿಕದಂತೆ ಪರೀಕ್ಷಿಸಿ ಕೊಲ್ಲುವ ಮಾರ್ಗ ಇಲ್ಲಿ ಸಾಧ್ಯವಿಲ್ಲ. ಜನರ ಭಾವನೆಯೂ ಒಪ್ಪದು, ಕಾನೂನೂ ಒಪ್ಪದು, ಬಡವನ ಬದುಕೂ ತಾಳದು. ನೂರು ಹಸುಗಳಿದ್ದವನಿಗೆ ಒಂದು ಹಸು ಹೋದರೆ ನಷ್ಟ. ಒಂದೇ ಹಸುವಿದ್ದ ಮನೆಯಲ್ಲಿ ಅದು ಹೋದರೆ ಡೇರಿಯಿಂದ ಬರುವ ಬಟವಾಡೆಯೇ ನಿಲ್ಲುತ್ತದೆ.

ನಮಗೆ ಉಳಿದಿರುವುದು ಬಾಂಗ್ ತೋರಿದ ಅಡ್ಡಗೋಡೆಯ ದಾರಿ ಮತ್ತು ಲಸಿಕೆಯ ದಾರಿ. ಲಸಿಕೆಯ ಸಂಗತಿ ಸ್ವಾರಸ್ಯಕರವಾಗಿದೆ. ನಿಮ್ಮಲ್ಲಿ ಹೆಚ್ಚಿನವರ ಎಡತೋಳಿನಲ್ಲಿ ಬಿ.ಸಿ.ಜಿ. ಲಸಿಕೆಯ ಪುಟ್ಟ ಕಲೆ ಇರುತ್ತದೆ. ಫ್ರಾನ್ಸಿನ ಕಾಲ್ಮೆಟ್ ಮತ್ತು ಗೆರಾನ್ ಎಂಬಿಬ್ಬರು ಹಸುವಿನಿಂದ ದೊರೆತ ಕ್ಷಯದ ದಂಡಾಣುವನ್ನು 1908ರಿಂದ ಹದಿಮೂರು ವರ್ಷ, 230 ಬಾರಿ ಮರುಮರು ಬೆಳೆಸಿ, ಅದರ ಕೇಡನ್ನು ಕಳೆದು ಈ ಲಸಿಕೆಯನ್ನು ಮಾಡಿದರು. 1921ರಲ್ಲಿ ಅದನ್ನು ಮೊದಲ ಬಾರಿ ಮನುಷ್ಯನ ಮಗುವಿಗೆ ಕೊಡಲಾಯಿತು. ಹಸುವಿನ ರೋಗಾಣುವಿನಿಂದ ಹುಟ್ಟಿದ ಈ ಲಸಿಕೆಯನ್ನು ಕರುಗಳಿಗೆ ಏಕೆ ಕೊಡುವುದಿಲ್ಲ? ಕೊಟ್ಟರೆ ಒಂದು ತೊಡಕು ಬರುತ್ತದೆ. ಲಸಿಕೆ ಪಡೆದ ಕರುವೂ ಟ್ಯುಬರ್ಕುಲಿನ್ನಿಗೆ ಪ್ರತಿಕ್ರಿಯೆ ತೋರಬಹುದು. ಆಗ ಸೋಂಕಿತ ಹಸು ಯಾವುದು, ಲಸಿಕೆ ಪಡೆದ ಹಸು ಯಾವುದು ಎಂದು ತಿಳಿಯದು. ಬಿ.ಸಿ.ಜಿ.ಯಲ್ಲಿ ಇಲ್ಲದ, ರೋಗಾಣುವಿನಲ್ಲಿ ಮಾತ್ರ ಇರುವ ಪ್ರೋಟೀನುಗಳನ್ನು ಬಳಸುವ ಹೊಸ ಚರ್ಮಪರೀಕ್ಷೆಗಳು ಈ ತೊಡಕನ್ನು ಬಿಡಿಸಲು ಹೊರಟಿವೆ. ವಂಶವಾಹಿಗಳ ಅಭಿವ್ಯಕ್ತಿಯ ಪರೀಕ್ಷೆ ಮುಂದೊಂದು ದಿನ ಇವಕ್ಕೆ ಜೊತೆಯಾಗಬಹುದು.

ಈ ಇತಿಹಾಸದಿಂದ ನಾವು ಕಲಿಯಬೇಕಾದ ಪಾಠ ಒಂದಿದೆ. ರೋಗವನ್ನು ಬೇಗ ಪತ್ತೆ ಮಾಡಿದಷ್ಟೂ ನಮ್ಮ ಮುಂದಿರುವ ದಾರಿಗಳು ಹೆಚ್ಚುತ್ತವೆ. ತಡವಾಗಿ ತಿಳಿದರೆ ಉಳಿಯುವುದು ಕತ್ತಿಯ ದಾರಿಯೊಂದೇ. ಬೇಗ ತಿಳಿದರೆ ಅಡ್ಡಗೋಡೆ ಸಾಕು, ಬೇರೆ ಗೂಟ ಸಾಕು. ಆದರೆ ಬೇಗ ಹೇಳುವ ಪರೀಕ್ಷೆ ನಿಜವನ್ನೂ ಹೇಳಬೇಕು. ಅಯೋವಾದ ರೈತ 1931ರಲ್ಲಿ ಕೇಳಿದ ಪ್ರಶ್ನೆಗೆ ವಿಜ್ಞಾನಿ ಕೊಡಬೇಕಾದ ಉತ್ತರ ಬಂದೂಕಿನದಲ್ಲ, ರೈತ ನಂಬಬಹುದಾದ ಪರೀಕ್ಷೆಯದು. ಜೀವಶಾಸ್ತ್ರವನ್ನೋ ಪಶುವೈದ್ಯವನ್ನೋ ಗಣಿತವನ್ನೋ ಓದುತ್ತಿರುವ ನಿಮ್ಮಲ್ಲಿ ಯಾರಾದರೂ ಆ ಉತ್ತರವನ್ನು ಪೂರ್ಣಗೊಳಿಸುವ ಕೆಲಸಕ್ಕೆ ಸೇರಬಹುದು. ಅಲ್ಲಿಯವರೆಗೆ, ಡೆನ್ಮಾರ್ಕಿನ ಕಾನೂನು ಕರುಗಳಿಗೆ ಮಾಡಿದ ಉಪಕಾರವನ್ನು ನಮ್ಮ ಮನೆಯ ಮಕ್ಕಳಿಗೂ ಮಾಡೋಣ: ಹಾಲನ್ನು ಚೆನ್ನಾಗಿ ಕಾಯಿಸಿಯೇ ಕುಡಿಯೋಣ.